ಹೇಳಿಸಿದವನ ಬಾಯಿ

"ಆ ಹೆಸರು ಬಾಯಾಗ ತರಬ್ಯಾಡ ತಮ್ಮಾ," ಎಂದರು ಮಂದಾಕಿನಿಬಾಯಿ, ಕಿಟಕಿಯ ಕದ ಎಳೆಯುತ್ತಾ. "ಯಾವ ಹೆಂಗಸಿನ ಮ್ಯಾಲೂ ಆ ಹೆಸರು ಹಾಕಬಾರದು. ಹಾಕಿದವರನ್ನ ಹುಡುಕ್ಕೊಂಡು ಬರ್ತೈತಿ ಅದು."

"ಯಾವ ಹೆಸರು ಆಂಟಿ? ಬಾನಾಮತಿನಾ? ಮಾಟ ಮಾಡೋಳು ಅಂತಾನಾ?" ಋಷಭ್ ಬೇಕೆಂದೇ ದನಿ ಎತ್ತರಿಸಿ ಕೇಳಿ ನಕ್ಕ. "ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರೆ ಮಾನಹಾನಿ ಆಗಲ್ಲ. ನಮ್ಮ ಪುಸ್ತಕದಲ್ಲೇ ಬರೆದಿದೆ."

ಮಂದಾಕಿನಿಬಾಯಿ ನಗಲಿಲ್ಲ. ಕಲಬುರಗಿ ಕಡೆಯಿಂದ ತೆಲುಗು ಸೀಮೆಗೆ ಬಂದು ಅಮೀರ್‌ಪೇಟ್‌ನ ಈ ಗಲ್ಲಿಯಲ್ಲಿ ಮನೆ ಕಟ್ಟಿಸಿಕೊಂಡ ಸರ್ಕಾರಿ ನೌಕರರ ಮನೆತನ ಅವರದು. ಮಾಳಿಗೆಯ ಕೋಣೆಯನ್ನು ಮೈಸೂರಿನಿಂದ ಕಾನೂನು ಓದಲು ಬಂದ ಈ ಹುಡುಗನಿಗೆ ಬಾಡಿಗೆಗೆ ಕೊಟ್ಟಿದ್ದರು. ಹುಡುಗ ಬುದ್ಧಿವಂತ, ಆದರೆ ಆ ಬುದ್ಧಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಅವನ ಸಿಟ್ಟೆಲ್ಲ ಎದುರು ಮನೆಯ ನೆಲಮಹಡಿಯ ವನಜಾಳ ಮೇಲೆ. ಸಂಜೆಯಾಗುತ್ತಲೇ ಹೆಂಗಸರು ರಚ್ಚೆ ಹಿಡಿದ ಕೂಸುಗಳನ್ನು ಕಂಕುಳಲ್ಲಿ ಎತ್ತಿಕೊಂಡು ಅವಳ ಬಾಗಿಲಿಗೆ ಬರುತ್ತಿದ್ದರು. ಅವಳು ಒಣಮೆಣಸಿನಕಾಯಿ, ಕಲ್ಲುಪ್ಪು, ಸಾಸಿವೆಯನ್ನು ಮುಷ್ಟಿಯಲ್ಲಿ ಹಿಡಿದು ಮಗುವಿಗೆ ನಿವಾಳಿಸಿ ಕೆಂಡಕ್ಕೆ ಸುರಿಯುವಳು. ಚಟಪಟ ಸದ್ದು. ಆಮೇಲೆ ಹೊಗೆ. ಅದು ಗಲ್ಲಿಯ ಇಕ್ಕಟ್ಟಿನಲ್ಲಿ ಎಲ್ಲೂ ಹೋಗಲು ದಾರಿ ಕಾಣದೆ ನೇರ ಮಾಳಿಗೆಗೇ ಏರುತ್ತಿತ್ತು. ಋಷಭ್ ಕೆಮ್ಮಿ ಕೆಮ್ಮಿ ಕಣ್ಣೀರು ಒರೆಸಿಕೊಳ್ಳುತ್ತ ಟಾರ್ಟ್ ಕಾನೂನಿನ, ಅಂದರೆ ಒಬ್ಬರಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ ಕಾನೂನಿನ, ಪುಸ್ತಕ ಮುಚ್ಚುತ್ತಿದ್ದ. ಆ ವಿಷಯದಲ್ಲಿ ಒಮ್ಮೆ ಫೇಲಾಗಿದ್ದ. ಇನ್ನೊಮ್ಮೆ ಫೇಲಾದರೆ ಒಂದು ವರ್ಷ ಹಾಳು.

"ಇದು ಶುದ್ಧ ನ್ಯೂಸೆನ್ಸ್ ಆಂಟಿ. ನನ್ನ ಕೋಣೆಯಲ್ಲಿ ನಾನು ಉಸಿರಾಡೋ ಹಾಗಿಲ್ಲ."

"ಘಾಟು ಬಂದ್ರ ಛಲೋ ಅಂತ ತಿಳ್ಕೋ," ಎಂದರು ಮಂದಾಕಿನಿಬಾಯಿ ಮೆಟ್ಟಿಲಿಳಿಯುತ್ತಾ. "ಮೆಣಸಿನಕಾಯಿ ಸುಟ್ರೂ ಯಾರಿಗೆ ಘಾಟು ಬರೂದಿಲ್ಲೋ, ಅವರಿಗೆ ಏನೋ ಹತ್ತೇತಿ ಅಂತ ಅರ್ಥ."

ಋಷಭ್ ಕೋರ್ಟಿಗೆ ಹೋಗಲಿಲ್ಲ. ಅದಕ್ಕೆಲ್ಲ ವರ್ಷಗಟ್ಟಲೆ ಬೇಕು. ವನಜಾಳಿಂದ ಜಾಗ ಖಾಲಿ ಮಾಡಿಸುವ ಸುಲಭದ ದಾರಿಯೊಂದು ಅವನಿಗೆ ಹೊಳೆಯಿತು. ಮೂಲೆಯ ಹಾಸ್ಟೆಲಿನ ವಾಚ್‌ಮನ್ ತಾಯಪ್ಪ ರಾಯಚೂರಿನ ಕಡೆಯವನು. ಕನ್ನಡ ಮಾತಾಡುವವರು ಸಿಕ್ಕರೆಂಬ ಖುಷಿಗೇ ಋಷಭನ ಚಹಾ, ಟಿಫಿನ್ನು, ಜೆರಾಕ್ಸು ಎಲ್ಲವನ್ನೂ ತಂದುಕೊಡುತ್ತಿದ್ದ.

"ತಾಯಪ್ಪ, ಚಹಾದಂಗಡಿ ಮುಂದೆ ನಿಂತು ಒಂದು ಮಾತು ಹೇಳ್ಬೇಕು. ಹಿಂದಿನ ಮನೆ ಮಗು ಜ್ವರದಿಂದ ಏಳ್ತಾನೇ ಇಲ್ವಲ್ಲ, ಅದು ವನಜಾಳ ಬಾನಾಮತಿ ಅಂತ. ಅಷ್ಟೇ."

ತಾಯಪ್ಪನ ಮುಖ ಬಿಳಿಚಿತು. "ಬ್ಯಾಡ್ರೀ ವಕೀಲ್‌ಸಾಬ್ರ. ಪಾಪ ಹತ್ತತೈತ್ರಿ."

"ಪಾಪ ಬಂದ್ರೆ ನನಗೆ ಬರ್ಲಿ, ಹೋಗು. ಆದ್ರೆ ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು."

ತಾಯಪ್ಪ ಹೋದ. ಹೇಳಿದ. ಮಾಳಿಗೆಯಲ್ಲಿ ಕುಳಿತ ಋಷಭ್, ಮಾತು ತನ್ನ ಬಾಯಿಂದ ಬಂದಿಲ್ಲ, ಹಾಗಾಗಿ ತನಗೆ ಅಂಟುವುದೂ ಇಲ್ಲ ಎಂದು ಲೆಕ್ಕ ಹಾಕಿ ಹಾಯಾಗಿದ್ದ. ಆಳು ಮಾಡಿದ್ದಕ್ಕೆ ಒಡೆಯ ಹೊಣೆ ಎಂಬ ಅಧ್ಯಾಯವನ್ನು ಅವನು ಓದಿರಲಿಲ್ಲ. ಜೆರಾಕ್ಸ್ ಅಂಗಡಿಯವನು ಕೊಟ್ಟ ಮುಖ್ಯ ಪ್ರಶ್ನೆಗಳಲ್ಲಿ ಅದು ಇರಲಿಲ್ಲವೆಂದು ಬಿಟ್ಟಿದ್ದ.

ವನಜಾ ಖಾಲಿ ಮಾಡಿಕೊಂಡು ಹೋಗುತ್ತಾಳೆ ಅಂದುಕೊಂಡಿದ್ದನೇ ಹೊರತು, ಗಲ್ಲಿಯವರು ಅವಳನ್ನು ಕೂದಲು ಹಿಡಿದು ಎಳೆದು ತರುತ್ತಾರೆಂದು ಎಣಿಸಿರಲಿಲ್ಲ. ಆದದ್ದು ಅದೇ. ಬಾನಾಮತಿಯವಳ ಹಲ್ಲು ಮುರಿದರೆ ಮಂತ್ರ ಕೆಡುತ್ತದೆಂಬ ನಂಬಿಕೆ ಈ ಸೀಮೆಯಲ್ಲಿ ಹಳೆಯದು. ಯಾರೋ ಕಲ್ಲೆತ್ತಿದರು. ಋಷಭ್ ಕಿಟಕಿಯ ಸಂದಿನಿಂದ ನೋಡಿದ. ಕಲ್ಲು ಹಲ್ಲಿಗೆ ತಗುಲಿದ ಸದ್ದು ಮಾಳಿಗೆಯವರೆಗೂ ಕೇಳಿಸಿತು. ಕೆಳಗೆ ಇಳಿಯಬೇಕಿತ್ತು. ಇಳಿಯಲಿಲ್ಲ.

ರಕ್ತ ಉಗುಳುತ್ತ ವನಜಾ ಎದ್ದು ಕುಳಿತಳು. ತಾಯಪ್ಪನನ್ನೇ ನೋಡಿದಳು. "ನಿನಗ ಯಾರು ಹೇಳಿಸಿದ್ರು?"

ತಾಯಪ್ಪ ಒಮ್ಮೆ ತಲೆಯೆತ್ತಿ ಮಾಳಿಗೆಯ ಕಿಟಕಿ ನೋಡಿದ. ತಲೆ ತಗ್ಗಿಸಿದ. 

"ಹಂಗಾದ್ರ ಆ ಮಾತು ಆಡಿದ ಬಾಯಾಗ ನನ್ನ ಕೆಂಡ ಉರೀಲಿ," ಎಂದಳು ವನಜಾ.

ಅವಳು ಮನೆ ಖಾಲಿ ಮಾಡಿ ಹೋದ ಮೇಲೆ ಗಲ್ಲಿಯ ಸಂಜೆಗಳು ತಿಳಿಯಾದವು. ಹೊಗೆಯಿಲ್ಲ, ಕೆಮ್ಮಿಲ್ಲ. ಓದು ಮಾತ್ರ ತಲೆಗೆ ಹತ್ತಲಿಲ್ಲ. ಪುಟ ತಿರುಗಿಸಿದರೆ ಆ ಕಲ್ಲಿನ ಸದ್ದು. ಆ ವಾರವೇ ತಾಯಪ್ಪನ ದವಡೆ ಕಚ್ಚಿಕೊಂಡಿತು.

ಧನುರ್ವಾಯು ಇರಬೇಕೆಂದು ಋಷಭನೇ ಅವನನ್ನು ಆಸ್ಪತ್ರೆಗೆ ಕರೆದೊಯ್ದ. ಹಾಗೆ ಕಾಣುವುದಿಲ್ಲ ಎಂದರು ಡಾಕ್ಟರು. ಇನ್ನೇನೆಂದು ಅವರಿಗೂ ತಿಳಿಯಲಿಲ್ಲ. ಹಾಸ್ಟೆಲಿನ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ತಾಯಪ್ಪ ಗೋಡೆಗೆ ಒರಗಿ ಕೂತಿರುತ್ತಿದ್ದ. ತುಟಿಗಳು ಸುಟ್ಟ ಹಂಚಿನ ಹಾಗೆ ಕಪ್ಪಗಾಗಿದ್ದವು. ಹಲ್ಲಿನ ಸಂದಿನಿಂದ ಹನಿ ಹನಿ ನೀರು ಇಳಿಸಬೇಕಿತ್ತು. ದೀಪ ಹಚ್ಚುವ ಹೊತ್ತಿಗೆ ಅವನ ಮೂಗಿನಿಂದ ಎಳೆಯಾಗಿ ಹೊಗೆ ಬರುತ್ತಿತ್ತು. ಸುಟ್ಟ ಮೆಣಸಿನಕಾಯಿಯ ಹೊಗೆ.

ನೀರು ಕುಡಿಸುವಾಗ ತಾಯಪ್ಪ ಋಷಭನ ಕೈಯನ್ನು ಮೆತ್ತಗೆ ಒತ್ತುತ್ತಿದ್ದ. ಬೈದಿದ್ದರೆ ತಡೆಯಬಹುದಿತ್ತು. ಆ ಒತ್ತುವಿಕೆಯನ್ನು ತಡೆಯಲಾಗುತ್ತಿರಲಿಲ್ಲ. ನೀರೂ ಇಳಿಯದ ದಿನ ಬಂದರೆ ಇವನು ಉಳಿಯುವುದಿಲ್ಲ, ಅದು ತನ್ನಿಂದ ಎಂದು ಋಷಭನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೂ ಪರೀಕ್ಷೆ ಮುಗಿಯಲಿ, ಆಮೇಲೆ ಎಲ್ಲ ಹೇಳಿಬಿಡುತ್ತೇನೆ ಎಂದು ಮುಂದೂಡಿದ. ನಾಚಿಕೆಗೇಡಿನ ಮಾತು, ಆದರೆ ನಡೆದದ್ದು ಹಾಗೆ.

ಪರೀಕ್ಷೆಯ ಮೊದಲ ಪ್ರಶ್ನೆಯೇ ಅವನು ಓದದೆ ಬಿಟ್ಟದ್ದಾಗಿತ್ತು. ಇನ್ನೊಬ್ಬನ ಕೈಯಿಂದ ಮಾಡಿಸಿದ ತಪ್ಪಿಗೆ ಮಾಡಿಸಿದವನು ಏಕೆ ಹೊಣೆ? ವಿವರಿಸಿ. ಋಷಭ್ ಖಾಲಿ ಹಾಳೆಯನ್ನು ಹಾಗೇ ಕೊಟ್ಟು ಎದ್ದು ಬಂದ. ಮನೆಗೆ ಬಂದವನೇ ಮಂದಾಕಿನಿಬಾಯಿಯ ಮುಂದೆ ಕುಸಿದು ಕುಳಿತು ಎಲ್ಲ ಹೇಳಿದ.

ಅವರು ಅವನ ತೋಳು ಹಿಡಿದು ಎಬ್ಬಿಸಿದರು. "ವನಜಾ ಬೇಗಂ ಬಜಾರದಾಗ ಅಣ್ಣನ ಕಡೆ ಅದಾಳ. ಮೆಣಸಿನಕಾಯಿ ತೊಟ್ಟು ಮುರೀಲಿಕ್ಕೆ ಹೋಗ್ತಾಳಂತ. ಹೋಗಿ ಕಾಲು ಹಿಡಿ."

ಬೇಗಂ ಬಜಾರಿನ ಆ ಗೋದಾಮಿನಲ್ಲಿ ಹಗಲಲ್ಲೂ ಕತ್ತಲು. ಮಾಡಿನವರೆಗೆ ಮೆಣಸಿನಕಾಯಿ ಚೀಲ. ಗಾಳಿಯೇ ಕೆಂಪಾಗಿ ಕಾಣುತ್ತಿತ್ತು. ಹಮಾಲರು ಮೂಗಿಗೆ ಬಟ್ಟೆ ಕಟ್ಟಿಕೊಂಡೂ ಸೀನುತ್ತಿದ್ದರು. ರಾಶಿಯ ಪಕ್ಕ ಕುಳಿತ ವನಜಾ ಅವನನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು.

"ನಿಮ್ಮ ಶಾಪ ವಾಪಸ್ ತಗೊಳ್ಳಿ ಅಕ್ಕಾ. ತಾಯಪ್ಪ ಸಾಯ್ತಾನೆ. ಹೇಳಿಸಿದವನು ನಾನು."

"ನನಗ ಶಾಪ ಎಲ್ಲಿಂದ ಬರಬೇಕಪ್ಪಾ? ಕೂಸುಗಳ ದೃಷ್ಟಿ ತೆಗಿಯೂದು ಬಿಟ್ರ ನನಗ ಏನೂ ಗೊತ್ತಿಲ್ಲ. ರಕ್ತ ಸುರಿಯೂ ಮುಂದ ಒಂದು ಮಾತು ಬಂತು, ಅಷ್ಟ. ವಾಪಸ್ ತಗೊಳ್ಳೂದು ಹೆಂಗ? ನೀ ನಿನ್ನ ಮಾತು ವಾಪಸ್ ತಗೊಂಡಿ ಏನು?"

ಋಷಭ್ ಕೈಮುಗಿದು ನಿಂತ.

"ಅಂವ ಎಲ್ಲಿ ನಿಂತು ಹೇಳ್ಯಾನೋ ಅಲ್ಲೇ ನಿಲ್ಲು. ಅದಾ ಮಂದಿ ಮುಂದ, ಹೇಳಿಸಿದಂವ ನಾ ಅಂತ ಬಾಯಿಬಿಡು. ಆಗ ಅದು ಅಂವನ್ನ ಬಿಟ್ರೂ ಬಿಡಬಹುದು."

"ಆಮೇಲೆ?"

ವನಜಾ ಅವನನ್ನೇ ನೋಡುತ್ತಿದ್ದಳು. ಸುತ್ತ ಎಲ್ಲರೂ ಕೆಮ್ಮುತ್ತಿದ್ದರು. ಅವಳೂ ಕೆಮ್ಮಿದಳು. ಕೈಯಲ್ಲಿದ್ದ ಕಾಯಿಯೊಂದನ್ನು ಮುರಿದು ಅವನ ಮೂಗಿನ ಹತ್ತಿರ ಹಿಡಿದಳು. 

"ನಿನಗ ಘಾಟು ಬರವಲ್ದೇನು?"

ಬರುತ್ತಿರಲಿಲ್ಲ. ಗೋದಾಮಿಗೆ ಕಾಲಿಟ್ಟಾಗಿನಿಂದ ಒಮ್ಮೆಯೂ ಬಂದಿರಲಿಲ್ಲ.

ಅವನು ಗಲ್ಲಿಗೆ ಮರಳುವಾಗ ದೀಪ ಹಚ್ಚುವ ಹೊತ್ತು. ಅದೇ ಹೊತ್ತಿಗೆ ಕರೆಂಟು ಹೋಯಿತು. ಚಹಾದಂಗಡಿಯ ಸ್ಟವ್ ಮಾತ್ರ ನೀಲಿಯಾಗಿ ಬುಸುಗುಡುತ್ತಿತ್ತು. ಹಾಸ್ಟೆಲಿನ ಹುಡುಗರು ತಾಯಪ್ಪನನ್ನು ಹೊತ್ತು ತಂದು ಬೆಂಚಿನ ಮೇಲೆ ಮಲಗಿಸಿದ್ದರು. ಆಟೋ ಬರಬೇಕಿತ್ತು. ಎದೆ ಏರಿಳಿಯುತ್ತಿತ್ತು. ನೀರು ಹಾಕಿದರೆ ಆಚೆಗೇ ಬರುತ್ತಿತ್ತು. ಮೂಗಿನಿಂದ ಬರುತ್ತಿದ್ದ ಹೊಗೆ ಈಗ ದಪ್ಪವಾಗಿತ್ತು. ಸುತ್ತ ನಿಂತ ಜನ ಮೂಗು ಮುಚ್ಚಿಕೊಂಡು ಕೆಮ್ಮುತ್ತಿದ್ದರು.

ಓಡಿಹೋಗಬಹುದಿತ್ತು. ಮೆಟ್ರೋ ಎರಡು ತಿರುವಿನಾಚೆ ಇತ್ತು. ಋಷಭನ ಕಾಲು ಆ ಕಡೆ ಒಮ್ಮೆ ತಿರುಗಿತು ಕೂಡ. ತಾಯಪ್ಪ ಕಣ್ಣು ತೆರೆದು ನೋಡಿದ. ಕೈ ಚಾಚಿದ. ಆ ಕೈ ಋಷಭನ ಕೈಯನ್ನು ಮತ್ತೆ ಮೆತ್ತಗೆ ಒತ್ತಿತು.

ಸಾಕು. ಋಷಭ್ ಅಂಗಡಿಯ ಮುಂದೆ, ತಾಯಪ್ಪ ಅಂದು ನಿಂತಿದ್ದ ಜಾಗದಲ್ಲೇ ನಿಂತ. ಜನರತ್ತ ತಿರುಗಿದ.

"ನಾನೇ..."

ಮುಂದಿನ ಮಾತು ಬರಲಿಲ್ಲ. ಗಂಟಲಲ್ಲಿ ಏನೋ ಚಟಪಟ ಎಂದಿತು. ಸಾಸಿವೆ ಸಿಡಿದಂತೆ. ನಾಲಿಗೆಯ ಕೆಳಗೆ ಬಿಸಿ. ಬಾಯಿ ತೆರೆದ. ಹೊಗೆ. ಕಪ್ಪು ಹೊಗೆ. ಹೊರಗೆ ಬಂತು. ಬರುತ್ತಲೇ ಇತ್ತು. ಅವನಿಗೆ ಕೆಮ್ಮು ಬರಲಿಲ್ಲ. ಘಾಟು ಇಲ್ಲ. ಉರಿ ಮಾತ್ರ.

ಬೆಂಚಿನ ಮೇಲೆ ತಾಯಪ್ಪನ ದವಡೆ ಕಟಕ್ಕನೆ ಬಿಚ್ಚಿಕೊಂಡಿತು. ಅವನು ಕೆಮ್ಮಿದ. ಎದೆ ತುಂಬಿ, ಕಣ್ಣಲ್ಲಿ ನೀರು ಬರುವಂತೆ, ಗಟ್ಟಿಯಾಗಿ ಕೆಮ್ಮಿದ. ಉರಿಯುವ ಬಾಯಿಯಲ್ಲೇ ಋಷಭನಿಗೆ ಒಂದು ಕ್ಷಣ ಸಮಾಧಾನವಾಯಿತು. ಬದುಕಿದ. ತಾಯಪ್ಪ ಬದುಕಿದ.

ತಾಯಪ್ಪ ಮೊಣಕೈ ಊರಿ ಎದ್ದು ಕುಳಿತ. ಹೊಗೆ ಕಾರುತ್ತ ನಿಂತವನನ್ನು ನೋಡಿದ. ಅವನ ಕಣ್ಣಲ್ಲಿ ಹೆದರಿಕೆ ಬಿಟ್ಟರೆ ಬೇರೇನೂ ಇರಲಿಲ್ಲ. ಬೆರಳು ಎತ್ತಿದ. ತೋರಿಸಿದ.

"ಬಾನಾಮತಿ," ಎಂದ. ಅಂದು ಕಲಿಸಿಕೊಟ್ಟ ಹಾಗೆಯೇ, ಎಲ್ಲರಿಗೂ ಕೇಳುವಂತೆ. "ಇಂವಂದಾ ಬಾನಾಮತಿ!"

ಆ ಹೆಸರಿಗೆ ತೆಲುಗು ಕನ್ನಡ ಎಂಬ ಭೇದವಿಲ್ಲ. ಜನ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಮುಂದೆ ಬಂದರು. ನಾನೇ ಎಂದು ಅವನೇ ಒಪ್ಪಿಕೊಂಡನಲ್ಲ ಎಂದು ಯಾರೋ ಕೂಗಿದರು. ಮಂದಾಕಿನಿಬಾಯಿ ಬಾಗಿಲಲ್ಲಿ ನಿಂತು ಬ್ಯಾಡ್ರೋ, ಬ್ಯಾಡ್ರೋ ಎಂದು ಅರಚುತ್ತಿದ್ದರು. ಯಾರಿಗೂ ಕೇಳಿಸಲಿಲ್ಲ. ಕತ್ತಲಲ್ಲಿ ಯಾರೋ ಬಗ್ಗಿ ಕಲ್ಲು ತಡಕಿದ ಸದ್ದಾಯಿತು.

ಋಷಭ್ ತಲೆಯಲ್ಲಾಡಿಸಿದ. ಕೈ ಜೋಡಿಸಿದ. ತಾಯಪ್ಪನಿಗೆ ಆ ಮಾತು ಕಲಿಸಿದ್ದು ಯಾರೆಂದು ಹೇಳಬೇಕಿತ್ತು. ಅವನ ಬಾಯಿ ತುಂಬ ಹೊಗೆಯಿತ್ತು.