ಎರಡೂವರೆಯ ತುಟಿಮಾತು

ಊಟ ಬಲ್ಲವನಿಗೆ ರೋಗವಿಲ್ಲ, ತುಟಿ ಬಲ್ಲವನಿಗೆ ಕಿವಿ ಬೇಕಿಲ್ಲ.

ಗಾದೆಯ ಬಾಲ ಕತ್ತರಿಸಿ ಬೇರೆ ಬಾಲ ಅಂಟಿಸಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಆದರೆ ಮುಂದೆ ಹೇಳುವುದಕ್ಕೆ ಅಂಟು ಮುಟ್ಟಿಸಿಲ್ಲ. ಕೊಯಮತ್ತೂರಿನ ಹತ್ತಿರದ ಸೋಮನೂರಿನ ಒಂದು ಮಗ್ಗದ ಶೆಡ್ಡಿನಲ್ಲಿ, ಸೋಮವಾರದಿಂದ ಶುಕ್ರವಾರದ ಒಳಗೆ, ನನ್ನ ಕಣ್ಣೆದುರಿಗೆ ನಡೆದದ್ದು ಇದು. ಕಿವಿಯೆದುರಿಗೆ ಅನ್ನಲಾರೆ. ಯಾಕೆಂದು ಈಗ ತಿಳಿಯುತ್ತದೆ.

ನನ್ನ ಹೆಸರು ಪ್ರೇಮ್ ಕುಮಾರ್. ಹೆಸರಿನಲ್ಲಿರುವುದು ಬಾಯಿಗೆ ಬಾರದೆ ಒಂದು ವರ್ಷ ಒದ್ದಾಡಿದವನು. ಕೊಯಮತ್ತೂರಿನ ಕಾಲೇಜಿನಲ್ಲಿ ಬಿ.ಕಾಂ. ಕಲಿತದ್ದಕ್ಕಿಂತ ಪ್ರಿನ್ಸಿಪಾಲರ ದನಿ ಅಣಕಿಸಲು ಕಲಿತದ್ದೇ ಹೆಚ್ಚು. ಈಗ ಚಿಕ್ಕಪ್ಪನ ಟೆಂಪೋದಲ್ಲಿ ಶೆಡ್ಡು ಶೆಡ್ಡಿಗೆ ಪಾವು ಇಳಿಸುತ್ತೇನೆ. ಪಾವು ಅಂದರೆ ಗಂಜಿ ಹಾಕಿ ದೊಡ್ಡ ಉರುಳೆಗೆ ಸುತ್ತಿದ ನೂಲು. ಅದನ್ನು ಮಗ್ಗಕ್ಕೆ ಏರಿಸಿದರೇ ನೇಯ್ಗೆ.

ಮಯಿಲ್‌ಸಾಮಿಯವರ ಶೆಡ್ಡಿನಲ್ಲಿ ಎಂಟು ಮಗ್ಗ. ಎಂಟೂ ಓಡುವಾಗ ಕಿವಿಯ ಹತ್ತಿರ ಬಂದು ಕಿರುಚಿದರೂ ಕೇಳಿಸದು. ಹಾಗಾಗಿ ಅಲ್ಲಿ ಯಾರೂ ಕಿರುಚುವುದಿಲ್ಲ. ತುಟಿ ಆಡಿಸುತ್ತಾರೆ, ಎದುರಿನವರು ಓದಿಕೊಳ್ಳುತ್ತಾರೆ. ಒಂದು ವರ್ಷ ಹೋಗಿ ಬಂದು ನಾನೂ ಓದುವುದು ಕಲಿತೆ.

ಅವರ ಮಗಳು ತೆನ್ಮೊಳಿ. ಜೇನಿನಂಥ ಮಾತಿನವಳು ಎಂದು ಆ ಹೆಸರಿನ ಅರ್ಥ. ಆ ಮಾತನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ನೋಡಿದ್ದೆ ಅಷ್ಟೇ. ಕೂದಲ ತುಂಬ ಹತ್ತಿಯ ನವಿರು, ಮೇಲ್ದುಟಿಯ ಎಡಕ್ಕೆ ಒಂದು ಚುಕ್ಕೆ ಮಚ್ಚೆ. ನಗುವ ಮಾತು ಬರುವ ಮೊದಲು ಆ ಮಚ್ಚೆ ಚೂರು ಮೇಲೇರುತ್ತಿತ್ತು. ನಾನು ಪಾವು ಉರುಳಿಸುತ್ತ ನೂಲಿಗೆ ಗಂಜಿ ಹಾಕುವ ಸೈಜಿಂಗ್ ಮಿಲ್ಲಿನ ಮ್ಯಾನೇಜರನ ನಡಿಗೆ, ನೂಲಿನ ಏಜೆಂಟನ ಹಲ್ಲು ಕಡಿಯುವಿಕೆ, ಎಲ್ಲ ದನಿಯಿಲ್ಲದೆ ಮಾಡಿ ತೋರಿಸುತ್ತಿದ್ದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಹೇಳಬೇಕಾದ್ದು ಹೇಳಲು ತುಟಿ ತೆರೆದರೆ ಮಾತ್ರ ಆ ತುಟಿಯ ಮೇಲೆ ಪ್ರಿನ್ಸಿಪಾಲರೋ ಏಜೆಂಟನೋ ಬಂದು ಕೂರುತ್ತಿದ್ದರು.

ಮಯಿಲ್‌ಸಾಮಿಯವರು ನನ್ನನ್ನು 'ತಂಬಿ' ಅನ್ನುತ್ತಿದ್ದರು. ಅವರಿಗದು ಪ್ರೀತಿ, ನನಗೆ ಗಂಡಾಂತರ. ಅಪ್ಪನಿಗೆ ತಮ್ಮನಾದವನು ಮಗಳಿಗೆ ಏನಾಗುತ್ತಾನೆ ಎಂದು ಲೆಕ್ಕ ಹಾಕಿ ನೋಡಿ.

ಶೆಡ್ಡಿನ ಕೊನೆಯ ಗೋಡೆಯ ಮೇಲೆ ಒಂದು ಟಿವಿ. ಮಧ್ಯಾಹ್ನ ಎರಡೂವರೆಗೆ ಬರುವ ಸೀರಿಯಲ್ಲಿಗೆ ಅಲ್ಲಿ ಹೆಸರೇ 'ಎರಡೂವರೆ'. ಬೆಂಗಳೂರಿನಲ್ಲಿ ಕನ್ನಡದಲ್ಲಿ ತೆಗೆದು ತಮಿಳು ದನಿ ತುಂಬಿದ್ದು. ದನಿ ಹೇಗೂ ಕೇಳಿಸದು, ತುಟಿ ಆಡುವುದು ಕನ್ನಡ. ಪಕ್ಕದ ಮಗ್ಗದ ಕಣ್ಣಮ್ಮನಿಗೆ ತಮಿಳು ಬಿಟ್ಟರೆ ಬೇರೆ ಬಾರದು, ಹಾಗಾಗಿ ಅವಳಿಗೆ ಆ ಪಾತ್ರಗಳೆಲ್ಲ ಸುಮ್ಮನೆ ಮೆಲುಕು ಹಾಕಿದಂತೆ. ಮಯಿಲ್‌ಸಾಮಿಯವರ ಮನೆಮಾತು ನಮ್ಮಂತೆ ಕನ್ನಡ. ಅವರಿಗೆ ಕನ್ನಡ ಬರುತ್ತಿತ್ತು, ಕನ್ನಡಕ ಒಗ್ಗುತ್ತಿರಲಿಲ್ಲ. ಹತ್ತು ಅಡಿ ಆಚೆಗಿನದೆಲ್ಲ ಅವರಿಗೆ ಬಣ್ಣದ ಕಲೆ. ಉಳಿದವಳು ತೆನ್ಮೊಳಿ. ಅವಳು ಟಿವಿಯ ತುಟಿ ಓದಿ ಅಪ್ಪನಿಗೆ ಕನ್ನಡದಲ್ಲಿ, ಕಣ್ಣಮ್ಮನಿಗೆ ತಮಿಳಿನಲ್ಲಿ ತುಟಿಯಾಡಿಸಿ ಹೇಳಬೇಕು. ಅವಳು ಹೇಳಿದ್ದೇ ಕಥೆ.

ಸೋಮವಾರ 'ಎರಡೂವರೆ'ಯಲ್ಲಿ ಹಿರಿಯ ಮಗ ಮನೆ ಬಿಟ್ಟ. ಅದೊಂದು ದೊಡ್ಡ ಕೂಡುಮನೆ, ಪಾಲಿನ ಜಗಳ, ಆ ವಾರವಿಡೀ ದಿನಕ್ಕೊಬ್ಬರು ಹೊಸಿಲು ದಾಟುವರಂತೆ. ಮನೆಯಲ್ಲಿ ನನ್ನ ಅಮ್ಮ ಜಾನಮ್ಮ ದನಿಯೊಂದಿಗೆ ನೋಡಿ ನನಗೆ ಎಲ್ಲ ಒಪ್ಪಿಸುತ್ತಿದ್ದಳು.

ಅವತ್ತು ಪಾವು ಇಳಿಸಿ ಹೊರಟವನನ್ನು ಮಯಿಲ್‌ಸಾಮಿಯವರು ಬಾಗಿಲ ಹೊರಗೆ ನಿಲ್ಲಿಸಿಕೊಂಡರು.

"ತಂಬಿ, ವೆಳ್ಳಿಕ್ಕಿಳಮೆ ಪಾವು ಮೂರಕ್ಕೆ ಮುಂಚೆ ಇಳ್ಸಿಬಿಡು. ವಾಸಲು ಬಾಗಿಲಲ್ಲಿ ಟೆಂಪೋ ನಿಂತಿರಬಾರ್ದು."

"ಸರಿಂಗ. ಶುಕ್ರವಾರ ಏನು ವಿಶೇಷ?"

"ಮೆಟ್ಟುಪಾಳ್ಯದೋರು ಪೊಣ್ಣು ನೋಡಕ್ಕೆ ಬತ್ತಾರೆ, ನಾಲ್ಕಕ್ಕೆ. ಅಡಿಕೆ ಮಂಡಿ ಮನೆ. ಹಿಡಿಸ್ತು ಅಂದ್ರೆ ಅಲ್ಲೇ ತಾಂಬೂಲದ ತಟ್ಟೆ ಬದಲಾಯಿಸಿಬಿಡೋದು."

ಕೈಯಲ್ಲಿದ್ದ ಟೆಂಪೋ ಕೀಲಿ ನನಗೆ ಒಮ್ಮೆಲೇ ಭಾರವಾಯಿತು. ತಿರುಗಿ ನೋಡಿದೆ. ಒಳಗೆ ತೆನ್ಮೊಳಿ ನಮ್ಮಿಬ್ಬರ ತುಟಿಗಳನ್ನೇ ನೋಡುತ್ತಿದ್ದಳು. ಅವಳಿಗೆ ಓದಲು ಬರುತ್ತದೆ. ಮಚ್ಚೆ ಕದಲಲಿಲ್ಲ.

ಮಂಗಳವಾರ ಟಿವಿಯಲ್ಲಿ ಆ ಮನೆಯ ಮಗಳು ಗೇಟಿನ ಬಳಿ ನಿಂತಿದ್ದಳು. ಅಣ್ಣನ ಸಾಮಾನು ಹೇರಲು ಒಂದು ವ್ಯಾನು ಬಂದಿತ್ತು. ನಾನು ಪಾವಿನ ಒಂದು ತುದಿ ಹಿಡಿದು ಬಗ್ಗಿದ್ದೆ. ಕಣ್ಣಮ್ಮನಿಗೆ ತಮಿಳಿನಲ್ಲಿ ಇದ್ದದ್ದಷ್ಟನ್ನು ಹೇಳಿ ಮುಗಿಸಿ, ತೆನ್ಮೊಳಿ ಅಪ್ಪನ ಕಡೆ ತುಟಿ ಆಡಿಸಿದಳು.

"ಮಗಳ್ಗೆ ಒಬ್ಬರ ಮೇಲೆ ಮನಸಂತೆ ಪ್ಪಾ."

"ಯಾರ ಮೇಲೆ?"

"ಸಾಮಾನು ವ್ಯಾನ್ ಓಡಿಸ್ತಾರಲ್ಲ, ಅವರ ಮೇಲೆ."

"ಅವನಿಗೆ ಗೊತ್ತಾ?"

"ಗೊತ್ತು. ಊರೋರ ಹಂಗೆಲ್ಲಾ ಮಾತಾಡಿ ನಗಿಸ್ತಾರೆ. ತಮ್ದೇ ಸ್ವಂತ ಒಂದ್ ಮಾತು ಆಡಕ್ಕೆ ಮಾತ್ರ ಬರಲ್ಲ ಅವರ್ಗೆ."

ಹೇಳಿ ಮುಗಿಸಿ, ಹರಿದ ಎಳೆ ಹುಡುಕುವವಳಂತೆ ತಲೆ ತಗ್ಗಿಸಿ, ರೆಪ್ಪೆಯ ಕೆಳಗಿನಿಂದ ನನ್ನನ್ನು ಒಂದೇ ಒಂದು ಸಲ ನೋಡಿದಳು. ಪಾವು ನನ್ನ ಕಾಲ ಮೇಲೆ ಬಿತ್ತು. ನಾನು ಕಿರುಚಿದೆ. ಯಾರಿಗೂ ಕೇಳಿಸಲಿಲ್ಲ.

ಟಿವಿಯಲ್ಲಿ ಆ ವ್ಯಾನಿನವನು ಎರಡು ಪೆಟ್ಟಿಗೆ ಹೊತ್ತು ಹೊರಟುಹೋದ. ಅವನಿಗೆ ಒಂದು ಮಾತೂ ಇರಲಿಲ್ಲ ಎಂದು ಸಂಜೆ ಅಮ್ಮ ಹೇಳಿದಳು.

ಬುಧವಾರ ಕುಂಟುತ್ತ ಹೋದೆ. ತೆನ್ಮೊಳಿಯ ಎದುರಿಗೆ ನಿಂತು ಕೇಳಿದೆ, "ಆ ವ್ಯಾನಿನವನು ಆಳು ಹೇಗೆ?"

"ಪರವಾಗಿಲ್ಲ. ಧೈರ್ಯ ಕಮ್ಮಿ."

"ಕಾಲಿಗೆ ಏಟಾಗಿರಬಹುದು."

"ಏಟು ಬಾಯಿಗೆ ಬಿದ್ದಿರೋ ಹಂಗಿದೆ." ಮಚ್ಚೆ ಮೇಲೇರಿತು. ಅದು ಇಳಿಯುವ ಮೊದಲೇ ಅಪ್ಪನ ಕಡೆ ತಿರುಗಿದಳು. ಟಿವಿಯಲ್ಲಿ ಚಿಕ್ಕಮ್ಮ ಒಬ್ಬಳು ಅಳುತ್ತ ತವರಿಗೆ ಹೊರಟಿದ್ದಳು. ತೆನ್ಮೊಳಿಯ ತುಟಿಯಲ್ಲಿ ಮಾತ್ರ ಮಗಳು ಅಪ್ಪನ ಎದುರು ನಿಂತು ಕೇಳುತ್ತಿದ್ದಳು: ನಿಮ್ಮ ಮರ್ಯಾದೆ ಬಿಟ್ಟು ನಾನು ಎಲ್ಲೂ ಹೋಗಲ್ಲ. ನನ್ನ ಮನಸ್ಸು ಬಿಟ್ಟು ನನ್ನನ್ನ ಎಲ್ಲೂ ಕಳಿಸಬೇಡಿ. ಆ ಅಪ್ಪ ಮುಖ ತಿರುಗಿಸಿದನಂತೆ.

ಮಯಿಲ್‌ಸಾಮಿಯವರು ಹತ್ತಿಯ ವೇಸ್ಟಿನಿಂದ ಕಣ್ಣು ಒರೆಸಿಕೊಂಡರು. ನಾಲ್ಕರ ಟೀ ಹೊತ್ತಿಗೆ ಅಂಗಡಿಯಲ್ಲಿ ಎಲ್ಲರ ಮುಂದೆ ತೀರ್ಪು ಕೊಟ್ಟರು. "ಆ ಅಪ್ಪ ಮನುಷ ಅಲ್ಲ ಪ್ಪಾ, ಕಲ್ಲು. ಪೊಣ್ಣು ಅಷ್ಟು ಮಟ್ಟಕ್ಕೆ ಕೇಳಿದ್ಮೇಲೆ ಕೊಡಬೇಕಲ್ಲ. ವ್ಯಾನ್ ಓಡಿಸಿದ್ರೆ ಏನು, ಕೈ ಕಾಲ್ ಇಲ್ವಾ?"

ನಾನು ಟೀ ಲೋಟದೊಳಗೆ ಮುಖ ಇಟ್ಟುಕೊಂಡು ಕುಳಿತೆ.

ಗುರುವಾರ ಎಲ್ಲ ಕೆಟ್ಟಿತು.

ಅವತ್ತು ಕಣ್ಣಮ್ಮ ರಜೆ. 'ಎರಡೂವರೆ'ಯಲ್ಲಿ ಮಗಳು ದೊಡ್ಡದೊಂದು ಕೆಂಪು ಸೂಟ್‌ಕೇಸ್ ಎಳೆದುಕೊಂಡು ಹೊಸಿಲು ದಾಟಿದಳು. ಕೆಂಪು ಎಂಥ ಮಸುಕುಗಣ್ಣಿಗೂ ಕಾಣುತ್ತದೆ.

"ಅದೇನು ಕೆಂಪಗೆ?" ಮಯಿಲ್‌ಸಾಮಿಯವರು ಕೇಳಿದರು.

ತೆನ್ಮೊಳಿ ಟಿವಿಯ ಕಡೆ ಇನ್ನೊಮ್ಮೆ ನೋಡಿದಳು. "ಪೆಟ್ಟಿ ಪ್ಪಾ."

"ಯಾರದ್ದು?"

ಸುಳ್ಳು ಕಥೆ ಕಟ್ಟಿದವಳಿಗೆ ಆ ಒಂದು ಕಡೆ ಸುಳ್ಳು ಸಿಗಲಿಲ್ಲ. "ಮಗಳದ್ದು."

ಅವರ ಮುಖ ಗಂಜಿ ಹಾಕಿದ ನೂಲಿನಂತೆ ಬಿರುಸಾಯಿತು. "ಓಡಿಹೋದ್ಲಾ? ಹಂಗಾದ್ರೆ ಅಪ್ಪ ಮಾಡಿದ್ದೇ ಸರಿ. ನನ್ ಪೊಣ್ಣಾಗಿದ್ರೆ ಸಾಯೋ ತನಕ ಮುಖ ನೋಡಾಕಿಲ್ಲ."

"ಓಡಿಹೋಗಿಲ್ಲ ಪ್ಪಾ, ಅದು ಹಾಸ್ಟೆಲ್‌ಗೆ..." ತುಟಿ ಬೇಗ ಬೇಗ ಆಡಿತು. ಆದರೆ ಅವರು ತಿರುಗಿಬಿಟ್ಟಿದ್ದರು. ಬೆನ್ನಿಗೆ ತುಟಿ ಓದಲು ಬರುವುದಿಲ್ಲ.

ಅವಳ ಮಗ್ಗದಲ್ಲಿ ಎಳೆ ಹರಿದು ಮಗ್ಗ ನಿಂತಿತು. ಅವಳು ಬಗ್ಗಿ ಗಂಟು ಹಾಕತೊಡಗಿದಳು. ನಾನು ಹತ್ತಿರ ಹೋದೆ. ತಲೆ ಎತ್ತಿದಾಗ ಕಣ್ಣು ತುಂಬಿತ್ತು, ತುಟಿ ಮಾತ್ರ ಸ್ಪಷ್ಟವಾಗಿತ್ತು.

"ನನ್ ಕೈಲಿ ಆಗೋದು ಕಥೆ ಕಟ್ಟೋದು, ಕಟ್ಟಿದೆ. ನಾಳೆ ನೀವು ಮಾತಾಡೋದಿದ್ರೆ ನಿಲ್ಲಿ. ಇಲ್ಲಾಂದ್ರೆ ಪಾವು ಇಳ್ಸಿ ಹೊರಟುಹೋಗಿ. ಇನ್ನೊಂದ್ಸಲ ನನ್ನ ನಗಿಸಬೇಡಿ."

ಆ ರಾತ್ರಿಯ ನಿದ್ದೆಯ ವಿಷಯ ಹೇಳುವುದಿಲ್ಲ, ಇರಲಿಲ್ಲವಾದ್ದರಿಂದ.

ಶುಕ್ರವಾರ ಎರಡು ಗಂಟೆಗೇ ಹೋದೆ. ಶೆಡ್ಡಿನ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ತೆನ್ಮೊಳಿ ಮಾವಿನೆಲೆ ಹಸುರಿನ ರೇಷ್ಮೆ ಸೀರೆಯಲ್ಲಿ, ಮುಡಿ ತುಂಬ ಮಲ್ಲಿಗೆ ಮುಡಿದು, ಮಗ್ಗದ ಮುಂದೆ ನಿಂತಿದ್ದಳು. ಮೂರು ಗಂಟೆವರೆಗೆ ಓಡಿಸಿ ಬರುತ್ತೇನೆ ಎಂದಳಂತೆ. ಅವಳು ನನ್ನ ಕಡೆ ನೋಡಲಿಲ್ಲ. ಇನ್ಯಾರಿಗೋ ಉಟ್ಟ ಸೀರೆ ಅಷ್ಟು ಚಂದ ಕಾಣಬಾರದಿತ್ತು.

ಎರಡೂವರೆ ಆಯಿತು. ಮಯಿಲ್‌ಸಾಮಿಯವರು ಮಗಳ ಕಡೆ ತಿರುಗಿದರು. "ಆ ಓಡುಗಾಲಿ ಏನಾದ್ಲು? ವ್ಯಾನಿನೋನು ಕೈ ಕೊಟ್ನಾ?"

ಅವಳು ಬಾಯಿ ತೆರೆಯುವ ಮೊದಲು ಕಣ್ಣಮ್ಮ, ಅವರ ತುಟಿಯಲ್ಲಿ 'ವ್ಯಾನ್' ಒಂದನ್ನು ಹಿಡಿದು, ನಡುವೆ ಬಂದು ತಮಿಳಿನಲ್ಲಿ ತುಟಿಯಾಡಿಸಿದಳು. "ಯಾವ ವ್ಯಾನಿನವನು ಅಣ್ಣಾ? ನಿನ್ನೆ ನಮ್ಮ ಮನೆಯಲ್ಲಿ ಸೌಂಡ್ ಇಟ್ಟು ನೋಡಿದೆ. ಆ ಹುಡುಗಿ ಓದುವುದಕ್ಕೆ ಹಾಸ್ಟೆಲಿಗೆ ಹೋದಳು. ಪ್ರೀತಿ ಗೀತಿ ಏನೂ ಇಲ್ಲ."

ಮಯಿಲ್‌ಸಾಮಿಯವರು ಕಣ್ಣಮ್ಮನ ತುಟಿ ನೋಡಿದರು, ಮಗಳ ತುಟಿ ನೋಡಿದರು. ಗೋಡೆಯ ಬಳಿ ನಡೆದುಹೋಗಿ ಮಗ್ಗಗಳ ಮೇನ್ ಸ್ವಿಚ್ ಇಳಿಸಿದರು.

ಎಂಟು ಮಗ್ಗ ಒಂದೊಂದಾಗಿ ನಿಂತವು. ಟಿವಿಯ ಲೈನ್ ಬೇರೆ, ಅದು ಓಡುತ್ತಲೇ ಇತ್ತು. ಶೆಡ್ಡಿನ ತುಂಬ ತಮಿಳಿನ ದನಿ ಗುಡುಗಿತು. ಅತ್ತೆಯೊಬ್ಬಳು ಸೊಸೆಯ ಸಾಂಬಾರಿನಲ್ಲಿ ಉಪ್ಪಿಲ್ಲವೆಂದು ಕಾಶಿಗೆ ಹೊರಟು ನಿಂತಿದ್ದಳು.

ಅವರು ಆ ಸಾಂಬಾರಿನ ವಿಷಯವನ್ನು ಪೂರ್ತಿ ಕೇಳಿದರು. ಆಮೇಲೆ ಟಿವಿ ಆರಿಸಿದರು.

"ವ್ಯಾನಿನೋನು ಎಲ್ಲಿ?"

"ಅಲ್ಲಿಲ್ಲ ಪ್ಪಾ."

ತೆನ್ಮೊಳಿಯ ದನಿ. ಜೇನಲ್ಲ. ಸ್ವಲ್ಪ ಗೊಗ್ಗರು, ತಳ ಹಿಡಿದ ಬೆಲ್ಲದ ಪಾಕದ ಹಾಗೆ. ಅಂಥ ಹೊತ್ತಿನಲ್ಲೂ ಇನ್ನೊಂದು ಸಲ ಮಾತಾಡಲಿ ಅನಿಸಿತು.

"ಮತ್ತೆ ಎಲ್ಲವ್ನೆ?"

ಅವಳು ಮಗ್ಗದ ಕಡೆ ತಿರುಗಿದಳು. ನನ್ನ ಕಡೆ ನೋಡಲಿಲ್ಲ. ಆ ಉತ್ತರ ಹೇಳುವುದು ನನ್ನ ಪಾಲೆಂದು ಬಿಟ್ಟುಕೊಟ್ಟಳು.

ಗಂಟಲಿನಲ್ಲಿ ಪ್ರಿನ್ಸಿಪಾಲರು ಎದ್ದರು, ಏಜೆಂಟ್ ಎದ್ದ, ಕೊನೆಗೆ ಮಯಿಲ್‌ಸಾಮಿಯವರೇ ಎದ್ದರು. ಎಲ್ಲರನ್ನೂ ಕೂರಿಸಿದೆ.

"ಇಲ್ಲಿಂಗ," ಅಂದೆ. ಒಡೆದ, ತೆಳ್ಳನೆಯ ದನಿ ಬಂತು. "ತೆನ್ಮೊಳಿನ ನನಗೆ ಕೊಡಿಂಗ. ಒಂದು ವರ್ಷದಿಂದ ಕೇಳಬೇಕು ಅಂತಿದ್ದೆ, ಬಾಯಿ ಬರಲಿಲ್ಲ. ಟೆಂಪೋ ಚಿಕ್ಕಪ್ಪಂದು. ಈ ಮಾತು ನಂದು."

ಮಯಿಲ್‌ಸಾಮಿಯವರು ನನ್ನನ್ನು ಕಾಲಿನಿಂದ ತಲೆವರೆಗೆ ನೋಡಿದರು. ಮಗಳ ಕಡೆ ತಿರುಗಿದರು.

"ನೀನೂ ಪೆಟ್ಟಿ ಕಟ್ಟಿದ್ದೀಯಾ?"

"ಇಲ್ಲ ಪ್ಪಾ. ಪೆಟ್ಟಿ ಕಟ್ಟೋಳಾದ್ರೆ ಕಥೆ ಯಾಕೆ ಕಟ್ತಿದ್ದೆ? ನಿಮ್ಮ ಮುಖ ನೋಡ್ಕೊಂಡೇ ಹೇಳಿದ್ದೀನಿ, ಮೂರ್ ದಿವಸ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಬೇಡ ಅಂದ್ರೆ ನಾಲ್ಕಕ್ಕೆ ತಟ್ಟೆ ಹಿಡ್ಕೊಂಡು ಬಂದು ಕೂತ್ಕೋತೀನಿ. ಆದ್ರೆ ಬುಧವಾರ ನೀವು ಕೊಡಬೇಕು ಅಂದ್ರಿ."

"ಅದು ಸೀರಿಯಲ್ ಪೊಣ್ಣಿಗೆ ಅಂದಿದ್ದು."

"ಆ ಪೊಣ್ಣು ನಾನೇ ಪ್ಪಾ."

ಅವರು ಜೇಬಿನಿಂದ ಫೋನ್ ತೆಗೆದರು. ನಂಬರು ಒತ್ತಲು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಯಾರಿಗೆ ಎಂದು ನಮಗೆ ತಿಳಿಯಲಿಲ್ಲ. ನನ್ನ ಚಿಕ್ಕಪ್ಪನಿಗೆ ಮಾಡುತ್ತಿದ್ದಾರೆ, ನನ್ನ ಕೆಲಸ ಹೋಯಿತು ಎಂದುಕೊಂಡೆ.

"ಎಲ್ಲಿದ್ದೀರಿಂಗ? ಅನ್ನೂರಾ? ಅಲ್ಲೇ ವಂಡಿ ನಿಲ್ಸಿಂಗ." ಮಗಳ ಕಡೆ ಒಮ್ಮೆ ನೋಡಿದರು. "ಮನ್ನಿಸಬೇಕು. ಪೊಣ್ಣಿಗೆ ಬೇರೆ ಕಡೆ ಮನಸು. ತಪ್ಪು ನಂದು, ಅವಳದ್ದಲ್ಲ. ಅವಳು ಮಂಗಳವಾರದಿಂದ ಹೇಳ್ತಾನೇ ಇದ್ದಾಳೆ... ಆಮಾಂಗ, ಹೌದು, ದಿನಾ ಎರಡೂವರೆಗೆ ಹೇಳ್ತಿದ್ದಾಳೆ. ನಾನು ಸೀರಿಯಲ್ ಅಂತ ನೋಡ್ತಿದ್ದೆ."

ಆ ಕಡೆ ಮೆಟ್ಟುಪಾಳ್ಯದವರು ಏನಂದರೋ ಕೇಳಿಸಲಿಲ್ಲ. ಇವರು ಮೂರು ಸಲ "ಮನ್ನಿಸಿಂಗ" ಅಂದು ಫೋನ್ ಇಟ್ಟರು. ತೆನ್ಮೊಳಿ ಮಗ್ಗದ ಪಕ್ಕ ಕೂತಳು. ನಾನು ಎರಡು ಹೆಜ್ಜೆ ಹೋಗಿ ನಿಂತೆ, ಮುಟ್ಟಲಿಲ್ಲ. ಅವಳು ತಲೆ ಎತ್ತಿ, ಶೆಡ್ಡು ಅಷ್ಟು ನಿಶ್ಶಬ್ದವಾಗಿದ್ದರೂ, ತುಟಿಯಲ್ಲಿ ಮಾತ್ರ ನನ್ನ ಹೆಸರು ಹೇಳಿದಳು.

ಕಣ್ಣಮ್ಮನಿಗೆ ಈಗ ತಾನೆ ಎಲ್ಲ ಅರ್ಥವಾಗುತ್ತಿತ್ತು. "ಅಣ್ಣಾ," ಅಂದಳು, "ಬುಧವಾರ ವೇಸ್ಟು ಹಿಡಿದು ಅಷ್ಟು ಅತ್ತಿರಲ್ಲ, ಅದು ಹಾಗಾದರೆ ಯಾರಿಗೆ?"

"ನನಗೇ," ಅಂದರು ಮಯಿಲ್‌ಸಾಮಿ. "ಟೀ ಅಂಗಡೀಲಿ ಕಲ್ಲು ಅಂತ ಬೈದಿದ್ದೂ ನನ್ನನ್ನೇ."

ಆ ಮಾತು ಅವರ ಕಿವಿಗೇ ಬಿದ್ದ ಮೇಲೆ ಅವರ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಭುಜ. ನಾನು ತಂದಿಟ್ಟ ಪಾವಿನ ಮೇಲೆ ಧೊಪ್ಪನೆ ಕೂತರು. ಕಣ್ಣಮ್ಮ ನಕ್ಕಳು, ತೆನ್ಮೊಳಿ ಅಳುತ್ತಲೇ ನಕ್ಕಳು, ನಾನೂ ನಕ್ಕೆ. ಮೂವರದ್ದೂ ಸೇರಿದರೂ ಅವರ ನಗುವಿನ ಅರ್ಧಕ್ಕೆ ಬರಲಿಲ್ಲ. ಪಕ್ಕದ ಶೆಡ್ಡಿನವರು ಏನಾಯಿತೋ ಎಂದು ಬಾಗಿಲಿಗೆ ಓಡಿ ಬಂದು ನಿಂತರು. ಮಯಿಲ್‌ಸಾಮಿಯವರು ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಆರಿಹೋದ ಟಿವಿಯನ್ನು ತೋರಿಸುತ್ತ, ಹೇಳಲೂ ಆಗದೆ ನಿಲ್ಲಿಸಲೂ ಆಗದೆ ನಗುತ್ತಲೇ ಇದ್ದರು.