ಡಬ್ಬಿಯೊಳಗಿನ ಮರಕುಟಿಗ

ಊರ ಗುಡ್ಡದ ಕಾಡಿಗೆ ತಮ್ಮ ಬೆಲೆ ಕಟ್ಟಿದ ದಿನವೇ ಅಕ್ಕ ಅಪರಾಧಕ್ಕೆ ಇಳಿಯಲು ತೀರ್ಮಾನಿಸಿದಳು.

ಅವನು ಅರಣ್ಯ ಮೌಲ್ಯಮಾಪನದ ಅಧಿಕಾರಿ. "ಕಾಡು ಹರಾಜಿಗೆ ಹೋಗುತ್ತೆ ಅಕ್ಕಾ. ದಿಮ್ಮಿಗೆ ಒಳ್ಳೆ ರೇಟಿದೆ" ಎಂದಿದ್ದ, ಕೈತೊಳೆಯುತ್ತ.

"ಅಲ್ಲಿಂದ ಇಳಿಯೋ ನೀರಿಗೆ? ಊರೆಲ್ಲ ಅದನ್ನೇ ಕುಡಿಯುತ್ತಲ್ಲೋ!"

"ಅದಕ್ಕೆ ಬೆಲೆ ಹಾಕಲ್ಲ. ಅಳಿದುಹೋಗ್ತಿರೋ ಪ್ರಾಣಿನೋ ಪಕ್ಷಿನೋ ಇದ್ರೆ ತಡೀಬಹುದಿತ್ತು. ಅಲ್ಲೇನಿದೆ, ಕಾಗೆ!"

ಹಾಲು ಕರೆಯುವ ಹಸುವಿಗೆ ಚರ್ಮದ ಬೆಲೆ ಹೇಳುವ ಜಾಣರು! ಅಕ್ಕನ ಮೈ ಉರಿಯಿತು. ಪಕ್ಷಿ ಬೇಕೇ? ಕೊಡುತ್ತೇನೆ.

ರೇಡಿಯೊ ಕೇಂದ್ರದಲ್ಲಿ ಧ್ವನಿಮುದ್ರಣ ಮಾಡುತ್ತಲೇ ತಲೆ ನರೆತವಳು ಅವಳು. ಅಲ್ಲಿನ ಹಳೆಯ ಟೇಪೊಂದರಲ್ಲಿ ಕೆಂಪುಜುಟ್ಟಿನ ದೊಡ್ಡ ಮರಕುಟಿಗದ ಕೂಗಿತ್ತು. ಈ ಸೀಮೆಯಲ್ಲಿ ಅದರ ಸಂತತಿಯೇ ನಿಂತುಹೋಗಿದೆ ಎಂದು ಎಲ್ಲರೂ ಕೈಬಿಟ್ಟಿದ್ದರು. ಅವಳು ಟೇಪಿನ ಗರಗರ ಸದ್ದು ತೆಗೆದಳು, ಕೂಗನ್ನು ಅಂಗೈಯಗಲದ ಸ್ಪೀಕರಿಗೆ ತುಂಬಿದಳು, ಡಬ್ಬಿಗೆ ತೊಗಟೆಯ ಬಣ್ಣ ಬಳಿದು ಪಾಚಿ ಅಂಟಿಸಿದಳು. ಏಣಿ ಹತ್ತಿ ಅದನ್ನು ಮರದ ಕವಲಿಗೆ ಬಿಗಿದಳು. ವಾರವಿಡೀ ಬೆಳಗ್ಗೆ ಹೋಗಿ, ರಿಮೋಟ್ ಒತ್ತಿ ಪರೀಕ್ಷಿಸಿದಳು. ಸುಳ್ಳೇ ಸರಿ. ನೀರಿಗೆ ಸೊನ್ನೆ ಹಾಕಿದ್ದು ಯಾವ ಊರಿನ ಸತ್ಯ?

ಕೊನೆಯ ಸಮೀಕ್ಷೆಗೆ ಪಕ್ಷಿತಜ್ಞರೊಬ್ಬರನ್ನು ತಮ್ಮ ಕರೆತಂದ. ಬುತ್ತಿ ಹೊತ್ತು ಅಕ್ಕನೂ ಹೊರಟಳು. ಮರದ ಹತ್ತಿರ ಬಂದಾಗ ಸೆರಗಿನ ಮರೆಯಲ್ಲಿ ಬೆರಳು ಒತ್ತಿತು. ಕೂಗು ಕಾಡನ್ನೇ ಸೀಳಿತು.

ತಜ್ಞರು ನಿಂತಲ್ಲೇ ಕಲ್ಲಾದರು. "ಇದು... ಅದೇ ಹಕ್ಕಿ ಕಣ್ರೀ!"

"ನಿಜವಾ ಸಾರ್? ಕಾಗೆ ಅಲ್ಲ ತಾನೆ?" ತಮ್ಮನ ಮುಖ ಸಪ್ಪಗಾಯಿತು.

ಅನುಮಾನ ಉಳಿಯಬಾರದೆಂದು ಅಕ್ಕ ಇನ್ನೊಮ್ಮೆ ಒತ್ತಿದಳು.

ಆ ಕೂಗಿನ ಏರಿಳಿತವೆಲ್ಲ ಅವಳಿಗೆ ಬಾಯಿಪಾಠ. ಹಕ್ಕಿ ಹೇಳುತ್ತಿರುವುದೇನು ಎಂದು ಮಾತ್ರ ಯಾರನ್ನೂ ಕೇಳಿರಲಿಲ್ಲ. ಅದು ಹಾಡಲ್ಲ, ಗಂಡುಹಕ್ಕಿಯ ಸವಾಲು: ಈ ಮರ ನಂದು, ತಾಕತ್ತಿದ್ದರೆ ಬಾ! ವಾರದಿಂದ ಅದನ್ನು ಕೇಳಿ ಕೇಳಿ ರೇಗಿದ್ದವನೊಬ್ಬ ಆ ಕಾಡಿನಲ್ಲೇ ಇದ್ದ. ಕೆಂಪು ಜುಟ್ಟು ನಿಗುರಿಸಿ, ಎಸೆದ ಕಲ್ಲಿನಂತೆ ಎರಗಿ, ಡಬ್ಬಿಯನ್ನು ಕುಕ್ಕಿ ಕುಕ್ಕಿ ಕೆಡವಿದ. ಡಬ್ಬಿ ತಮ್ಮನ ಬೂಟಿನ ಮುಂದೆ ಬಿದ್ದು ಇನ್ನೂ ಕೂಗುತ್ತಿತ್ತು. ತಮ್ಮ ಡಬ್ಬಿಯನ್ನು ನೋಡಿದ, ಅವಳ ಕೈಯ ರಿಮೋಟನ್ನು ನೋಡಿದ. "ಅಕ್ಕಾ!" ಅವಳು ಎರಡೂ ಕೈ ಮುಂದೆ ಚಾಚಿದಳು. "ಹಿಡ್ಕೊಡೋ, ಬೇಡ ಅನ್ನಲ್ಲ. ಮೊದಲು ಮೇಲೆ ಕೂತಿರೋ ಅವನನ್ನ ಬರ್ಕೋ."