ಚಂದಾ ಅರ್ಧವಾದ ಮೇಲೆ

“ಲೈಟ್ ಆರಿಸ್ತೀನಿ, ಎಲ್ರೂ ಏಳಿ!” ಎಂದರು ಚಿಕ್ಕಪ್ಪ.

“ಇನ್ನೊಂದೇ ಪುಟ, ಚಿಕ್ಕಪ್ಪ!” ಎಂದಳು ಚೂಟಿ.

“ಕರೆಂಟ್ ಬಿಲ್ ನಿಮ್ಮಪ್ಪ ಕಟ್ತಾನಾ?” ಟಕ್ ಎಂದು ಕತ್ತಲಾಯಿತು.

ತಾತ ಇದ್ದಾಗ ಹೀಗಿರಲಿಲ್ಲ. ಬೀದಿಯವರ ಈ ಲೈಬ್ರರಿಯನ್ನು ಆಗ ಅವರೇ ನೋಡಿಕೊಳ್ಳುತ್ತಿದ್ದರು. ಹೊಸ ಪತ್ರಿಕೆ ಬಂದರೆ ಚೂಟಿಯ ಮೂಗಿನ ಹತ್ತಿರ ಹಿಡಿದು, “ಬಿಸಿಬಿಸಿ ಇದೆ ನೋಡು” ಎನ್ನುತ್ತಿದ್ದರು. ಕೊನೆಯ ಮಗು ಏಳುವವರೆಗೂ ಬಾಗಿಲ ಬಳಿ ತೂಕಡಿಸುತ್ತಾ ಕಾಯುತ್ತಿದ್ದರು.

ತಾತ ತೀರಿಕೊಂಡ ಮೇಲೆ ಲೈಬ್ರರಿಯ ಚುನಾವಣೆಗೆ ಚಿಕ್ಕಪ್ಪ ನಿಂತರು. ‘ಗೆದ್ದರೆ ಚಂದಾ ಅರ್ಧ!’ ಎಂಬ ಪೋಸ್ಟರ್‌ಗೆ ಬಣ್ಣ ಹಚ್ಚಿದವಳು ಚೂಟಿಯೇ. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿ ಗೆಲ್ಲಿಸಿತ್ತು.

ಈಗ ನೋಡಿದರೆ ಮಕ್ಕಳ ಪತ್ರಿಕೆಗಳೇ ಬರುತ್ತಿಲ್ಲ.

“ಏನೂ ಕಮ್ಮಿ ಆಗಲ್ಲ ಅಂದಿದ್ರಲ್ಲ?” ಮನೆಗೆ ಹೋಗುವಾಗ ಚೂಟಿ ಕೇಳಿದಳು.

“ಚಂದಾ ಇಳಿದ್ರೆ ಜನ ಸೇರ್ತಾರೆ, ತಾನಾಗೇ ಸರಿಹೋಗುತ್ತೆ ಅಂದ್ಕೊಂಡೆ ಕಣೇ. ಸೇರಿದ್ರು, ಆದ್ರೆ ಸಾಲಲಿಲ್ಲ. ಪೇಪರ್ ಅಂಗಡೀಲಿ ಸಾಲ ಮಾಡಿದೆ. ಅಂಗಡಿಯವನೂ ಇನ್ನು ಸಾಲ ಕೊಡಲ್ಲ ಅಂತಾನೆ.”

“ಆ ಸಾಲ ಯಾರು ತೀರಿಸ್ತಾರೆ?”

“ಮುಂದೆ ಸೇರೋ ಮೆಂಬರ್‌ಗಳು.”

“ಅಂದ್ರೆ ನಾವು! ನೀವು ಓದಿದ ಪೇಪರ್‌ಗೆ ನಾವ್ ಯಾಕೆ ಕೊಡ್ಬೇಕು?”

“ಭಾನುವಾರ ಮೆಂಬರ್‌ಗಳನ್ನೆಲ್ಲ ಕರೀತೀನಿ,” ಎಂದರು ಚಿಕ್ಕಪ್ಪ.

ಭಾನುವಾರ ಮೀಟಿಂಗ್ ಸೇರಿತು. ಚೂಟಿ ಸರಕ್ಕನೆ ಎದ್ದಳು. “ಚಂದಾ ಮೊದಲಿನಷ್ಟೇ ಮಾಡಿ!”

“ಹಾಗನ್ನಬೇಡ ಪುಟ್ಟಿ,” ಎಂದರು ಟೈಲರಮ್ಮ. “ಅರ್ಧ ಆದ್ಮೇಲೇ ನಾನು ಸೇರಿದ್ದು. ಮತ್ತೆ ಏರಿಸಿದ್ರೆ ನಾಳೆನೇ ಬಿಡ್ಬೇಕು.” ಅವರ ಬೆನ್ನ ಹಿಂದಿನಿಂದ ಪುಟಾಣಿ ಮಗಳು ಇಣುಕಿದಳು.

ಚೂಟಿ ಮೆಲ್ಲಗೆ ಕೂತುಬಿಟ್ಟಳು.

“ಅರ್ಧಾನೇ ಇರ್ಲಿ,” ಎಂದರು ಬಸ್ ಡ್ರೈವರ್ ಮಾಮ. “ಆದ್ರೆ ಅದಕ್ಕೆ ಬದಲು ಏನು ಬಿಡೋಣ? ಅದನ್ನೂ ಇವತ್ತೇ ಹೇಳ್ಬಿಡಿ.”

ಎಲ್ಲರೂ ಸೂರು ನೋಡತೊಡಗಿದರು. ಕೊನೆಗೆ ಚಿಕ್ಕಪ್ಪ, ಹಲ್ಲು ಕೀಳಿಸಿಕೊಂಡವರಂತೆ, “ನನ್ನ ಸಿನಿಮಾ ಪತ್ರಿಕೆ ಬಿಡ್ತೀನಿ” ಎಂದರು. “ಎರಡು ಪೇಪರಲ್ಲೂ ಅದೇ ಸುದ್ದಿ, ಒಂದು ಸಾಕು,” ಎಂದರು ಮಾಮ.

ಸಾಲ ತೀರಿಸಿ ಮಕ್ಕಳ ಪತ್ರಿಕೆಗಳನ್ನೆಲ್ಲ ಮತ್ತೆ ತರಿಸಲು ಅಷ್ಟು ಸಾಲಲಿಲ್ಲ. ಎಲ್ಲರ ಕಣ್ಣು ಮಕ್ಕಳ ಕಪಾಟಿನ ಕಡೆ ಹೊರಳಿತು. ಮಕ್ಕಳಿಗೆ ಬರುತ್ತಿದ್ದುದು ಎರಡು ಪತ್ರಿಕೆ. ಒಂದು ಚಿತ್ರಗಳದ್ದು, ಪುಟಾಣಿಗಳಿಗೆ. ಇನ್ನೊಂದರಲ್ಲಿ ಚೂಟಿಯ ಪತ್ತೇದಾರಿ ಧಾರಾವಾಹಿ. ಅದರ ಕಳ್ಳ ಇನ್ನೂ ಸಿಕ್ಕಿರಲಿಲ್ಲ.

ಚೂಟಿ ಮತ್ತೆ ಎದ್ದಳು. “ನಮ್ದು... ದೊಡ್ಡ ಮಕ್ಕಳದ್ದು ಬಿಡಿ. ಚಿಕ್ಕೋರದ್ದು ಬರ್ಲಿ.”

ಮುಂದಿನ ವಾರ ಚಿತ್ರಗಳ ಪತ್ರಿಕೆ ಬಂತು. ಟೈಲರಮ್ಮನ ಮಗಳು ನೆಲದ ಮೇಲೆ ಬೋರಲಾಗಿ ಮಲಗಿ, ಅಕ್ಷರ ಅಕ್ಷರ ಕೂಡಿಸುತ್ತಿದ್ದಳು.

“ಅಕ್ಕಾ, ಇದೇನು?”

ಚೂಟಿ ಪಕ್ಕದಲ್ಲಿ ಕೂತಳು. ತನ್ನ ಧಾರಾವಾಹಿ ನೆನಪಾಗಿ ಎದೆಯೊಳಗೆ ಚುರ್ ಎಂದಿತು. ಆದರೂ ಏಳಬೇಕು ಅನ್ನಿಸಲಿಲ್ಲ. ಪದ ಹೇಳಿಕೊಡದೆ, ಅದರ ಕೆಳಗೆ ಬೆರಳಿಟ್ಟು ಸುಮ್ಮನೆ ಕಾದಳು.

“ಆ... ಆ... ಆನೆ!” ಎಂದು ಕಿರುಚಿದಳು ಪುಟಾಣಿ.